ಗೋಡೆ ಉಳಿಸಿದಿರಿ, ಒಳಗಿನ ಜಾಗ ಯಾರದು? ಲ್ಯಾಂಡ್‌ಮಾರ್ಕ್ಸ್ ಕಮಿಷನ್‌ಗೆ ಒಂದು ಬಹಿರಂಗ ಪತ್ರ

ನ್ಯೂಯಾರ್ಕ್ ನಗರದ ಹಳೆ ಕಟ್ಟಡಗಳನ್ನು ಕಾಪಾಡುವ ಲ್ಯಾಂಡ್‌ಮಾರ್ಕ್ಸ್ ಪ್ರಿಸರ್ವೇಶನ್ ಕಮಿಷನ್‌ನ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ.

ಮ್ಯಾನ್‌ಹಟ್ಟನ್‌ನಲ್ಲಿ ಸಿಕ್ಸ್ತ್ ಅವೆನ್ಯೂ ಮತ್ತು ವೆಸ್ಟ್ 20ನೇ ರಸ್ತೆ ಸೇರುವ ಮೂಲೆಯಲ್ಲಿ ಕಂದು ಕಲ್ಲಿನ ಒಂದು ಹಳೆ ಚರ್ಚ್ ಇದೆ. ಚರ್ಚ್ ಆಫ್ ದಿ ಹೋಲಿ ಕಮ್ಯುನಿಯನ್. ಈಗ ಆ ಹೆಸರು ಹೇಳಿದರೆ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಲೈಮ್‌ಲೈಟ್ ಅಂದರೆ ತಕ್ಷಣ ಗೊತ್ತಾಗುತ್ತದೆ. 1983ರಲ್ಲಿ ಅದು ನೈಟ್‌ಕ್ಲಬ್ ಆಯಿತು. 2010ರಲ್ಲಿ ಶಾಪಿಂಗ್ ಆರ್ಕೇಡ್ ಆಯಿತು. ಆಮೇಲೆ ಜಿಮ್ ಬಂತು. ಈ ಕಟ್ಟಡವನ್ನು ನೀವು 1966ರಲ್ಲೇ ಸಂರಕ್ಷಿತ ಅಂತ ಘೋಷಿಸಿದ್ದೀರಿ. ನಿಮ್ಮ ಕಾನೂನು ಬಂದು ಆಗಿನ್ನೂ ಒಂದು ವರ್ಷ ಕಳೆದಿತ್ತು ಅಷ್ಟೆ. ಅಷ್ಟು ಬೇಗ ನಿಮ್ಮ ಪಟ್ಟಿಗೆ ಸೇರಿದ ಕಟ್ಟಡದ ಒಳಗೆ ಏನೇನಾಯಿತು, ಯಾಕಾಯಿತು, ಮುಂದೆ ಹಾಗಾಗದಿರಲು ನೀವು ಏನು ಮಾಡಬಹುದು ಅನ್ನುವುದೇ ಈ ಪತ್ರದ ವಿಷಯ.

ಪತ್ರ ಕನ್ನಡದಲ್ಲಿ ಯಾಕೆ ಅಂತ ಕೇಳಬಹುದು. ನಿಮ್ಮ ಊರಿನಲ್ಲಿ ನೂರಾರು ಭಾಷೆಗಳಲ್ಲಿ ದೂರು ಹೇಳುತ್ತಾರೆ, ಇದು ಇನ್ನೊಂದು. ಹಳೆ ಕಟ್ಟಡಗಳ ಮೇಲೆ ಪ್ರೀತಿ ಇರುವ ಕನ್ನಡದವರೂ ಇದನ್ನು ಓದಿ, ನಾನು ಹೇಳುವುದು ಸರಿಯೋ ತಪ್ಪೋ ನೋಡಲಿ ಅನ್ನುವುದು ಇನ್ನೊಂದು ಕಾರಣ.

ಮೊದಲೇ ಒಂದು ಮಾತು. ಚರ್ಚಿನಲ್ಲಿ ಅಂಗಡಿ ಇಟ್ಟರಲ್ಲಾ, ಅಪಚಾರವಾಯಿತು ಅಂತ ಗಲಾಟೆ ಮಾಡಲು ನಾನು ಬಂದಿಲ್ಲ. ಆ ದೂರು ಹೇಳಬೇಕಾದವರು ಆ ಚರ್ಚಿನವರು. ಅವರು 1970ರ ದಶಕದಲ್ಲೇ ಅಲ್ಲಿಂದ ಹೊರಟುಹೋದರು. ಬರುವವರು ಕಡಿಮೆಯಾದರು, ಖರ್ಚು ಜಾಸ್ತಿಯಾಯಿತು, ಸಭೆಯವರು ಹತ್ತಿರದ ಬೇರೆ ಚರ್ಚುಗಳ ಜೊತೆ ಸೇರಿಕೊಂಡರು. ಕಟ್ಟಡ ಪ್ರಾರ್ಥನೆಯಿಂದ ಬಿಡುಗಡೆಯಾಯಿತು. ಅವರ ಪಂಥವಾದ ಎಪಿಸ್ಕೋಪಲ್ ಚರ್ಚಿನಲ್ಲಿ ಇದಕ್ಕೆಂದೇ ಒಂದು ಚಿಕ್ಕ ವಿಧಿ ಇದೆ. ಆಲ್ಟರ್ ಅನ್ನುವ ಪೂಜಾವೇದಿಕೆಯನ್ನೂ ಪವಿತ್ರ ಅನಿಸಿಕೊಂಡ ವಸ್ತುಗಳನ್ನೂ ಹೊರಗೆ ತಂದು, ಇನ್ನು ಈ ಕಟ್ಟಡವನ್ನು ಬೇರೆ ಕೆಲಸಕ್ಕೆ ಬಳಸಬಹುದು ಅಂತ ಘೋಷಿಸುತ್ತಾರೆ. ಕ್ಯಾಥೊಲಿಕ್ಕರ ನಿಯಮವೂ ಹೆಚ್ಚುಕಡಿಮೆ ಹೀಗೆಯೇ. 1983ರ ಅವರ ಕಾನೂನು ಸಂಹಿತೆಯ 1222ನೇ ನಿಯಮದ ಪ್ರಕಾರ, ಪೂಜೆಗೆ ಬಳಸಲಾಗದ, ದುರಸ್ತಿಯೂ ಸಾಧ್ಯವಾಗದ ಚರ್ಚನ್ನು ಬಿಷಪ್ ಲೌಕಿಕ ಬಳಕೆಗೆ ಬಿಡಬಹುದು, ಆದರೆ ಆ ಬಳಕೆ ಹೊಲಸಾಗಿರಬಾರದು. ಬಟ್ಟೆ, ಸಾಬೂನು, ಪುಸ್ತಕ ಮಾರುವುದು ಯಾವ ಲೆಕ್ಕದಲ್ಲೂ ಹೊಲಸಲ್ಲ ಬಿಡಿ. ಧರ್ಮದವರೇ ದಾರಿ ಬಿಟ್ಟಿರುವಾಗ ನಾನು ಅಡ್ಡ ನಿಲ್ಲುವುದು ಸರಿಯಲ್ಲ.

ನನ್ನ ತಕರಾರು ಬೇರೆ. ಅಂಗಡಿ ಬಂದದ್ದಕ್ಕೆ ನನಗೆ ಬೇಸರವಿಲ್ಲ, ಬಂದ ರೀತಿಗೆ ಇದೆ. ಒಂದು ಚರ್ಚಿನ ಮುಖ್ಯ ಆಸ್ತಿ ಅದರ ಗೋಡೆಯಲ್ಲ, ಗೋಪುರವೂ ಅಲ್ಲ. ಅದರೊಳಗಿನ ಖಾಲಿ ಜಾಗ. ಬಾಗಿಲು ದಾಟಿದ ಕೂಡಲೇ ತಲೆ ತಾನಾಗಿ ಮೇಲೆ ಹೋಗುತ್ತದಲ್ಲ, ಹಾಗೆ ಮಾಡಿಸುವ ಎತ್ತರ. ಕಟ್ಟಿಸಿದವರು ದುಡ್ಡು ಸುರಿದದ್ದು ಅದಕ್ಕೇ. ಗೋಡೆಗಳು ಇರುವುದು ಆ ಜಾಗವನ್ನು ಹಿಡಿದಿಟ್ಟುಕೊಳ್ಳಲು. ನೀವು ಗೋಡೆಯನ್ನು ಕಾಪಾಡಿದಿರಿ. ಒಳಗಿನದನ್ನು ತುಂಡು ಮಾಡುವಾಗ ತಡೆಯುವ ಕಾಗದ ಯಾರ ಕೈಯಲ್ಲೂ ಇರಲಿಲ್ಲ.

ಈ ಕಟ್ಟಡ ಯಾವುದು ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ಇದು ಸುಮ್ನೆ ಯಾವುದೋ ಒಂದು ಚರ್ಚ್ ಅಲ್ಲ. ಕೆಲಸ 1844ರಲ್ಲಿ ಶುರುವಾಗಿ 1846ರ ಹೊತ್ತಿಗೆ ಮುಗಿಯಿತು. ವಿನ್ಯಾಸ ರಿಚರ್ಡ್ ಅಪ್‌ಜಾನ್ ಅವರದು. ವಾಲ್ ಸ್ಟ್ರೀಟ್ ತುದಿಯ ಟ್ರಿನಿಟಿ ಚರ್ಚ್ ಕಟ್ಟಿದವರೂ ಅವರೇ, 1857ರಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಶುರುವಾದಾಗ ಮೊದಲ ಅಧ್ಯಕ್ಷರಾದವರೂ ಅವರೇ. ಟ್ರಿನಿಟಿ ಚರ್ಚ್ ದೊಡ್ಡದು, ಎದೆ ಸೆಟೆಸಿ ನಿಂತದ್ದು. ಇದು ಹಾಗಲ್ಲ. ಇಂಗ್ಲೆಂಡಿನ ಹಳ್ಳಿಗಾಡಿನ ಚರ್ಚುಗಳ ಹಾಗೆ ಗೋಪುರವನ್ನು ನಡುವೆ ಇಡದೆ ಒಂದು ಮೂಲೆಗೆ ಸರಿಸಿದ್ದಾರೆ. ಎಡಕ್ಕೂ ಬಲಕ್ಕೂ ತಾಳೆಯಾಗಲೇಬೇಕು ಅನ್ನುವ ಹಟ ಬಿಟ್ಟ ವಿನ್ಯಾಸ. ಆ ಕಾಲದ ಅಮೆರಿಕದಲ್ಲಿ ಇದು ಹೊಸದು.

ಮೊದಲ ಪಾದ್ರಿ ವಿಲಿಯಂ ಆಗಸ್ಟಸ್ ಮ್ಯೂಲೆನ್‌ಬರ್ಗ್. ಈ ಮನುಷ್ಯನ ಬಗ್ಗೆ ಬರೆಯಲು ಹೊರಟರೆ ಪತ್ರ ದಾರಿ ತಪ್ಪುತ್ತದೆ, ಆದರೂ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಆಗಿನ ನ್ಯೂಯಾರ್ಕಿನಲ್ಲಿ ಚರ್ಚಿನ ಬೆಂಚುಗಳಿಗೆ ಬಾಡಿಗೆ ಇತ್ತು. ಹಣವಿದ್ದ ಕುಟುಂಬಗಳು ಮುಂದಿನ ಬೆಂಚನ್ನು ತಮ್ಮದೇ ಅಂತ ಹಿಡಿದುಕೊಳ್ಳುತ್ತಿದ್ದವು. ಬಡವರು ಹಿಂದೆ, ಇಲ್ಲವೇ ಮೇಲಿನ ಗ್ಯಾಲರಿಯಲ್ಲಿ. ಮ್ಯೂಲೆನ್‌ಬರ್ಗ್ ಅದನ್ನು ಒಪ್ಪಲಿಲ್ಲ. ಅವರ ಚರ್ಚಿನಲ್ಲಿ ಬೆಂಚಿಗೆ ಬಾಡಿಗೆ ಇರಲಿಲ್ಲ. ಯಾರು ಬೇಕಾದರೂ ಬಂದು ಎಲ್ಲಿ ಬೇಕಾದರೂ ಕೂರಬಹುದಿತ್ತು. ಇದೇ ಸಭೆಯಿಂದಲೇ ಸೇಂಟ್ ಲ್ಯೂಕ್ಸ್ ಆಸ್ಪತ್ರೆ ಹುಟ್ಟಿತು, ರೋಗಿಗಳ ಸೇವೆಗೆ ನಿಂತ ಆನ್ ಏಯರ್ಸ್ ಅವರ ಸಿಸ್ಟರ್‌ಗಳ ಬಳಗವೂ ಹುಟ್ಟಿತು.

ಆಮೇಲೆ ಅದೇ ಹಜಾರವನ್ನು ಅಡಿಯ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟರು.

ಇದನ್ನು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಕಟ್ಟಡದ ಚರಿತ್ರೆ ಗೊತ್ತಿದ್ದರೆ ಒಳಗೆ ಏನು ಉಳಿಸಬೇಕು ಅನ್ನುವುದೂ ಗೊತ್ತಾಗುತ್ತದೆ ಅಂತ ಹೇಳಿದ್ದು. ನಿಮ್ಮ ಕಡತದಲ್ಲಿ ಅಪ್‌ಜಾನ್ ಇದ್ದಾರೆ, ಗೋಥಿಕ್ ಶೈಲಿ ಇದೆ. ಏನೂ ಕೊಳ್ಳದೆ ಕೂರಬಹುದಾದ ಬೆಂಚೂ ಅಲ್ಲಿ ಇರಬೇಕಿತ್ತು.

ಈಗ ನೈಟ್‌ಕ್ಲಬ್ಬಿನ ಕಾಲಕ್ಕೆ ಬರೋಣ. ಚರ್ಚಿನವರು ಬಿಟ್ಟ ಮೇಲೆ ಕೆಲಕಾಲ ಲಿಂಡಿಸ್ಫಾರ್ನ್ ಅನ್ನುವ ಚಿಂತಕರ ಕೂಟ ಅಲ್ಲಿತ್ತು. ಬಳಿಕ ಮಾದಕ ವ್ಯಸನಿಗಳ ಪುನರ್ವಸತಿ ಸಂಸ್ಥೆಯೊಂದರ ಕೈಗೆ ಹೋಯಿತು. 1983ರಲ್ಲಿ ಲೈಮ್‌ಲೈಟ್ ಬಂತು, ಉದ್ಘಾಟನೆಯ ಪಾರ್ಟಿಗೆ ಆತಿಥೇಯ ಚಿತ್ರಕಾರ ಆಂಡಿ ವಾರ್ಹೋಲ್. ಮುಂದಿನ ವರ್ಷಗಳಲ್ಲಿ ಕ್ಲಬ್ಬಿನ ಹೆಸರು ಕೆಟ್ಟಿತು. ಮಾದಕ ವಸ್ತು, ಪೊಲೀಸ್ ದಾಳಿ, ಕೋರ್ಟು, ಬಾಗಿಲು ಮುಚ್ಚುವುದು, ಮತ್ತೆ ತೆರೆಯುವುದು. ಅದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಆದರೆ ಒಂದು ಮಾತು ಒಪ್ಪಲೇಬೇಕು. ಆ ಕುಖ್ಯಾತ ಕ್ಲಬ್ಬು ಹಜಾರವನ್ನು ಹಜಾರವಾಗಿಯೇ ಬಳಸಿತು. ನೂರಾರು ಜನ ಒಂದೇ ಛಾವಣಿಯ ಕೆಳಗೆ, ಒಂದೇ ಜಾಗದಲ್ಲಿ, ಒಂದೇ ಸದ್ದಿಗೆ ಕುಣಿದರು. ಮೇಲೆ ಓಡಾಡಲು ಕ್ಯಾಟ್‌ವಾಕ್ ಹಾಕಿದರು, ದೀಪ ತೂಗುಹಾಕಿದರು, ಎಲ್ಲ ನಿಜ. ಆದರೂ ಅದು ದೊಡ್ಡ ಜಾಗವಾಗಿಯೇ ಉಳಿಯಿತು. ಅದರ ನಂತರ ಬಂದ ಆರ್ಕೇಡ್ ಸಭ್ಯವಾಗಿತ್ತು, ಮಕ್ಕಳನ್ನು ಕರೆದುಕೊಂಡು ಹೋಗಬಹುದಿತ್ತು, ಪತ್ರಿಕೆಗಳು ಹೊಗಳಿದವು. ಒಳಗಿನ ಜಾಗವನ್ನು ಜಾಸ್ತಿ ಹಾಳು ಮಾಡಿದ್ದು ಇದೇ ಸಭ್ಯ ಆರ್ಕೇಡು ಅನ್ನುವುದು ನನ್ನ ಅಭಿಪ್ರಾಯ. ಕೆಟ್ಟ ಹೆಸರಿನ ಬಾಡಿಗೆದಾರನ ಮೇಲೆ ಎಲ್ಲರ ಕಣ್ಣಿರುತ್ತದೆ, ಒಳ್ಳೆ ಹೆಸರಿನವನು ಗೋಡೆಗೆ ಮೊಳೆ ಹೊಡೆಯುವಾಗ ಯಾರೂ ನೋಡುವುದಿಲ್ಲ.

2010ರ ಮೇ ತಿಂಗಳಲ್ಲಿ ಲೈಮ್‌ಲೈಟ್ ಮಾರ್ಕೆಟ್‌ಪ್ಲೇಸ್ ಅಂತ ತೆರೆದರು. ಸುಮಾರು 60 ಸಣ್ಣ ಅಂಗಡಿಗಳು. ಕ್ಯಾಂಡಿ, ಬಟ್ಟೆ, ಒಡವೆ, ಸಾಬೂನು, ಪಿಟ್ಜಾ. ಸಣ್ಣ ಸಣ್ಣ ಗೂಡು, ನಡುವೆ ಇಕ್ಕಟ್ಟಿನ ಓಣಿ, ಮೆಟ್ಟಿಲು ಹತ್ತಿದರೆ ಮತ್ತೆ ಗೂಡುಗಳು. ಬಣ್ಣದ ಗಾಜಿನ ಕಿಟಕಿಗಳನ್ನು ಉಳಿಸಿಕೊಂಡಿದ್ದರು, ಅದಕ್ಕೆ ಮೆಚ್ಚುಗೆ ಇದೆ. ಆದರೆ ಆ ಕಿಟಕಿಗಳನ್ನು ಮಾಡಿದ್ದು ಹಜಾರದ ಆ ತುದಿಯಿಂದ ಈ ತುದಿಗೆ ಬೆಳಕು ಬೀಳಲಿ ಅಂತ. ಟೀ ಶರ್ಟು ತೂಗುಹಾಕಿದ ಗೂಡಿನ ಹಿಂಬದಿಗೆ ಅಲಂಕಾರವಾಗಲಿ ಅಂತ ಅಲ್ಲ. ಅಂಗಡಿ ಹುಡುಕುತ್ತಾ ಹೋದವರಿಗೆ ಅಂಗಡಿ ಸಿಗುತ್ತಿತ್ತು, ತಾವು ಚರ್ಚಿನ ಯಾವ ಭಾಗದಲ್ಲಿದ್ದೇವೆ ಅನ್ನುವುದು ಮಾತ್ರ ತಿಳಿಯುತ್ತಿರಲಿಲ್ಲ.

ಚರ್ಚಿನೊಳಗೆ ಮಹಡಿ ಹಾಕಿದಾಗ ಏನಾಗುತ್ತದೆ ಅಂತ ಬೇರೆ ಊರುಗಳಲ್ಲೂ ನೋಡಬಹುದು. ಉದ್ದದ ಕಿಟಕಿಯ ನಡುವೆ ಸ್ಲ್ಯಾಬ್ ಬರುತ್ತದೆ. ಗಾಜಿನಲ್ಲಿರುವ ಸಂತನ ಪಾದ ಕೆಳಗಿನ ಮಹಡಿಯಲ್ಲಿ, ತಲೆ ಮೇಲಿನ ಮಹಡಿಯಲ್ಲಿ. ಕೆಳಗೆ ನಿಂತವರಿಗೆ ಕಮಾನಿನ ತುದಿ ಕಾಣುವುದಿಲ್ಲ, ಮೇಲೆ ನಿಂತವರಿಗೆ ಕಂಬದ ಬುಡ ಕಾಣುವುದಿಲ್ಲ. ಆಮೇಲೆ ಎಸಿ ಕೊಳವೆಗಳು ಬರುತ್ತವೆ. ಬೆಂಕಿಯ ನಿಯಮಕ್ಕೆ ಎರಡನೇ ಮೆಟ್ಟಿಲು, ಮೂರನೇ ಬಾಗಿಲು, ನೀರು ಚಿಮ್ಮಿಸುವ ಪೈಪು. ಎಲ್ಲವೂ ಬೇಕಾದದ್ದೇ, ಜೀವದ ಪ್ರಶ್ನೆ. ಆದರೆ 60 ಗೂಡು ಮಾಡಿದರೆ ಇವೆಲ್ಲ 60 ಕಡೆಗೆ ಹೋಗಬೇಕು. ಒಂದೇ ಹಜಾರ ಇಟ್ಟುಕೊಂಡರೆ ಈ ಗೋಜಲು ಎಷ್ಟೋ ಕಡಿಮೆ.

ವ್ಯಾಪಾರದ ಲೆಕ್ಕದಲ್ಲಾದರೂ ಇದು ಗೆದ್ದಿತಾ ಅಂದರೆ ಅದೂ ಇಲ್ಲ. 2014ರ ಹೊತ್ತಿಗೆ ಅಲ್ಲಿಗೆ ಜಿಮ್ ಬಂದಿತ್ತು. ಯಾಕೆ ನಡೆಯಲಿಲ್ಲ ಅಂತ ತಿಳಿಯಲು ರಸ್ತೆ ಆಚೆ ನೋಡಿದರೆ ಸಾಕು. ಸಿಕ್ಸ್ತ್ ಅವೆನ್ಯೂವಿನ ಆ ಭಾಗ ಲೇಡೀಸ್ ಮೈಲ್. 19ನೇ ಶತಮಾನದ ಕೊನೆಯಲ್ಲಿ ನಗರದ ದೊಡ್ಡ ದೊಡ್ಡ ಅಂಗಡಿಗಳು ಅಲ್ಲೇ ಇದ್ದವು. ಚರ್ಚಿನ ಎದುರಿಗೇ ಹ್ಯೂ ಒ'ನೀಲ್ ಅಂಗಡಿಯ ಗುಮ್ಮಟದ ಕಟ್ಟಡ, ಸ್ವಲ್ಪ ಕೆಳಗೆ 1896ರ ಸೀಗಲ್ ಕೂಪರ್. ಅವು ಅಂಗಡಿಗೆಂದೇ ಕಟ್ಟಿದ ಅರಮನೆಗಳು. ದೊಡ್ಡ ದೊಡ್ಡ ಗಾಜು, ನಾಲ್ಕು ಕಡೆ ಬಾಗಿಲು, ರಸ್ತೆಯಲ್ಲಿ ಹೋಗುವವರು ನಿಂತು ನೋಡಬೇಕು, ಹಾಗೆ. ಚರ್ಚ್ ಇದಕ್ಕೆ ತದ್ವಿರುದ್ಧ. ದಪ್ಪ ಗೋಡೆ, ಎತ್ತರದ ಕಿಟಕಿ, ಚಿಕ್ಕ ಬಾಗಿಲು. ಹೊರಗಿನ ಗದ್ದಲ ಒಳಗೆ ಬರಬಾರದು, ಒಳಗಿನದು ಹೊರಗೆ ಕಾಣಬಾರದು ಅನ್ನುವುದೇ ಅದರ ಉದ್ದೇಶ. ಗೋಡೆ ಒಡೆದು ಶೋಕೇಸ್ ಮಾಡಲು ನೀವು ಬಿಡುವುದಿಲ್ಲ, ಬಿಡಲೂಬಾರದು. ಹೀಗಾಗಿ ಒಳಗೆ 60 ಅಂಗಡಿ ಇದ್ದರೂ ರಸ್ತೆಯವರಿಗೆ ಒಂದೂ ಕಾಣುವುದಿಲ್ಲ. ಅರ್ಜಿ ಹಾಕಿದವರಿಗೆ ಈ ಮಾತನ್ನು ಮೊದಲೇ ಯಾರಾದರೂ ಹೇಳಿದ್ದರೆ ಅವರ ದುಡ್ಡೂ ಉಳಿಯುತ್ತಿತ್ತು.

ಹಾಗಾದರೆ ಹಳೆ ಹಜಾರದಲ್ಲಿ ವ್ಯಾಪಾರ ಮಾಡಲೇಬಾರದಾ? ಮಾಡಬಹುದು. ಚೆನ್ನಾಗಿ ಮಾಡಿದ ಉದಾಹರಣೆ ನಿಮ್ಮ ಊರಿನಲ್ಲೇ ಇದೆ, ಅದೂ ಅದೇ 2010ರದು. ಬ್ರೂಕ್ಲಿನ್‌ನ ಒನ್ ಹ್ಯಾನ್ಸನ್ ಪ್ಲೇಸ್, ಹಳೆ ವಿಲಿಯಮ್ಸ್‌ಬರ್ಗ್ ಸೇವಿಂಗ್ಸ್ ಬ್ಯಾಂಕ್ ಗೋಪುರ. ಅದರ ಕೆಳಗಿನ ಬ್ಯಾಂಕ್ ಹಜಾರ ಯಾವ ಚರ್ಚಿಗೂ ಕಡಿಮೆ ಇಲ್ಲ. ಎತ್ತರದ ಕಮಾನು, ಅಮೃತಶಿಲೆ, ಮೊಸಾಯಿಕ್. ಆ ವರ್ಷದ ಚಳಿಗಾಲದಲ್ಲಿ ಬ್ರೂಕ್ಲಿನ್ ಫ್ಲೀ ಅನ್ನುವ ಸಂತೆ ಅಲ್ಲಿಗೆ ಬಂತು. ಮಾರುವವರು ಮೇಜು ತಂದು ಹಾಕಿದರು. ಹಳೆ ಕುರ್ಚಿ, ಹಳೆ ಕೋಟು, ತಿಂಡಿ. ಕೆಳಗಿನ ಲಾಕರ್ ಕೋಣೆಯಲ್ಲೂ ಅಂಗಡಿ ಹಾಕಿದ್ದರು. ಸಂತೆ ಮುಗಿದ ಮೇಲೆ ಮೇಜು ಮಡಚಿಕೊಂಡು ಹೋದರು. ಹಜಾರ ಹಾಗೆಯೇ ಉಳಿಯಿತು. ಅಲ್ಲಿ ಕೂಡ ವ್ಯಾಪಾರವೇ ನಡೆದದ್ದು. ಸಾಲು ಸಾಲು ಮೇಜುಗಳ ನಡುವೆ ನಿಂತು ತಲೆ ಎತ್ತಿದರೆ ಇಡೀ ಛಾವಣಿ ಕಾಣುತ್ತಿತ್ತು.

ವ್ಯತ್ಯಾಸ ಎಲ್ಲಿಂದ ಬಂತು? ಬ್ಯಾಂಕಿನ ಒಳಾಂಗಣವನ್ನು ನೀವು 1996ರಲ್ಲಿ ಸಂರಕ್ಷಿತ ಅಂತ ಘೋಷಿಸಿದ್ದಿರಿ. ಚರ್ಚಿನ ಒಳಾಂಗಣವನ್ನು ಘೋಷಿಸಿರಲಿಲ್ಲ.

ಇದು ನನ್ನ ಪತ್ರದ ತಿರುಳು, ಹಾಗಾಗಿ ಓದುವ ಕನ್ನಡದವರಿಗೂ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನ್ಯೂಯಾರ್ಕಿನ ಸಂರಕ್ಷಣಾ ಕಾನೂನು 1965ರದು. ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಿಂದ ಕೆಡವಲು ಶುರುಮಾಡಿದ್ದು ಕಂಡು ಜನ ರೊಚ್ಚಿಗೆದ್ದ ಫಲ ಅದು. ಮೊದಲಿಗೆ ಆ ಕಾನೂನಿಗೆ ಕಟ್ಟಡದ ಹೊರಮೈ ಮೇಲಷ್ಟೇ ಅಧಿಕಾರ ಇತ್ತು. 1973ರಲ್ಲಿ ತಿದ್ದುಪಡಿ ಬಂದು ಒಳಾಂಗಣಗಳನ್ನೂ ಸೇರಿಸಿಕೊಂಡರು. ಎರಡು ಷರತ್ತು. 30 ವರ್ಷ ಹಳೆಯದಾಗಿರಬೇಕು, ಜನ ಬಂದುಹೋಗುವ ಜಾಗವಾಗಿರಬೇಕು. ಅದಕ್ಕೊಂದು ವಿನಾಯಿತಿಯೂ ಇದೆ. ಪ್ರಾರ್ಥನೆ ನಡೆಯುವ ಸ್ಥಳದ ಒಳಾಂಗಣವನ್ನು ಘೋಷಿಸುವಂತಿಲ್ಲ.

ವಿನಾಯಿತಿ ಸರಿಯಾಗಿಯೇ ಇದೆ. ಆಲ್ಟರ್ ಎಲ್ಲಿಡಬೇಕು, ಬೆಂಚು ತೆಗೆಯಬೇಕಾ ಅಂತ ಸರ್ಕಾರದ ಸಮಿತಿಯನ್ನು ಕೇಳುವ ಸ್ಥಿತಿ ಯಾವ ಧರ್ಮದವರಿಗೂ ಬರಬಾರದು. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಹಜಾರ, ರೇಡಿಯೋ ಸಿಟಿ ಮ್ಯೂಸಿಕ್ ಹಾಲ್, ಫೋರ್ ಸೀಸನ್ಸ್ ಅನ್ನುವ ರೆಸ್ಟೋರೆಂಟ್ ಇದ್ದ ಊಟದ ಕೋಣೆ ಕೂಡ ನಿಮ್ಮ ಒಳಾಂಗಣಗಳ ಪಟ್ಟಿಯಲ್ಲಿವೆ. ಚರ್ಚು, ಯೆಹೂದ್ಯರ ಪ್ರಾರ್ಥನಾ ಮಂದಿರವಾದ ಸಿನಗಾಗ್ ಇಲ್ಲ. ಒಪ್ಪೋಣ.

ಆದರೆ ಪ್ರಾರ್ಥನೆ ನಿಂತ ದಿನ ಆ ವಿನಾಯಿತಿಯೂ ನಿಲ್ಲುತ್ತದೆ, ಅಲ್ವಾ? 1970ರ ದಶಕದ ಕೊನೆಯ ಹೊತ್ತಿಗೆ ಹೋಲಿ ಕಮ್ಯುನಿಯನ್ ಪ್ರಾರ್ಥನಾ ಸ್ಥಳವಾಗಿ ಉಳಿದಿರಲಿಲ್ಲ. ವಯಸ್ಸು 130 ದಾಟಿತ್ತು. 1983ರಿಂದ ಟಿಕೆಟ್ ಕೊಂಡ ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು. ಎರಡೂ ಷರತ್ತು ಪೂರ್ತಿಯಾದವು. ಆ ಹೊತ್ತಿನಿಂದ 2010ರವರೆಗೆ ಕಾಲು ಶತಮಾನಕ್ಕಿಂತ ಹೆಚ್ಚು ಸಮಯ ಇತ್ತು. ಆ ಹಜಾರವನ್ನು ಪಟ್ಟಿಗೆ ಸೇರಿಸಬಹುದಿತ್ತು. 1989ರಲ್ಲಿ ಲೇಡೀಸ್ ಮೈಲ್ ಪ್ರದೇಶವನ್ನೇ ಐತಿಹಾಸಿಕ ವಲಯ ಅಂತ ಘೋಷಿಸಿದಿರಿ. ಆಗಲೂ ಕಾಪಾಡಿದ್ದು ರಸ್ತೆಯಿಂದ ಕಾಣುವುದನ್ನೇ.

ಕಾನೂನಿನ ಈ ಎರಡು ಕಾಲುಗಳ ನಡುವೆ ಒಂದು ಸಂದು ಇದೆ. ಚರ್ಚ್ ಆಗಿರುವವರೆಗೆ ಮುಟ್ಟುವಂತಿಲ್ಲ. ಚರ್ಚ್ ಅಲ್ಲದಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಕೊಳ್ಳುವವನು ಬರುವುದು ಆ ಸಂದಿನಲ್ಲಿ.

ಇದಕ್ಕೆ ನೀವು ಹೇಳಬಹುದಾದ ಉತ್ತರ ನನಗೆ ಗೊತ್ತು. ಬಲವಾದ ಉತ್ತರವೇ. ಪ್ರಾರ್ಥನೆ ನಿಲ್ಲಿಸಿದ ಕೂಡಲೇ ಒಳಾಂಗಣವನ್ನು ಘೋಷಿಸುತ್ತೇವೆ ಅಂದರೆ ಕಟ್ಟಡದ ಬೆಲೆ ಬೀಳುತ್ತದೆ. ಆ ಬೆಲೆ ಯಾವುದೋ ದೊಡ್ಡ ಬಿಲ್ಡರ್‌ಗೆ ಹೋಗುವ ಲಾಭವಲ್ಲ. ಛಾವಣಿ ಸೋರುವ ಕಟ್ಟಡದಲ್ಲಿ ವರ್ಷಗಟ್ಟಲೆ ಒದ್ದಾಡಿದ ಸಣ್ಣ ಸಭೆಗೆ ಕೊನೆಗೆ ಉಳಿದಿರುವ ಆಸ್ತಿ ಅದೊಂದೇ. ವೆಸ್ಟ್ ಪಾರ್ಕ್ ಪ್ರೆಸ್ಬಿಟೇರಿಯನ್ ಚರ್ಚಿನ ಕತೆ ನಿಮ್ಮ ಕಣ್ಣೆದುರಿಗೇ ಇದೆ. 2010ರಲ್ಲಿ ಅದನ್ನು ಸಂರಕ್ಷಿತ ಅಂತ ಘೋಷಿಸಿದಿರಿ. 2022ರಲ್ಲಿ ಅವರೇ ಬಂದು, ಇದನ್ನು ನಡೆಸಲು ನಮ್ಮಿಂದ ಆಗುವುದಿಲ್ಲ, ಕೆಡವಲು ಬಿಡಿ ಅಂತ ಕೇಳಿದರು. ಅವರನ್ನು ಖಳರಂತೆ ನೋಡುವುದು ಸುಲಭ. ಮರಳುಗಲ್ಲಿನ ದುರಸ್ತಿಯ ಬಿಲ್ಲು ಕೈಗೆ ಬಂದಾಗ ಗೊತ್ತಾಗುತ್ತದೆ. ಆ ಕಲ್ಲಿನದು ಪದರದ ಸ್ವಭಾವ. ನೀರು ಒಳಗೆ ಇಳಿದು ಚಳಿಗೆ ಹೆಪ್ಪುಗಟ್ಟಿದರೆ ಮೇಲಿನ ಪದರ ಹಪ್ಪಳದ ಹಾಗೆ ಎದ್ದು ಬರುತ್ತದೆ. ಒಂದು ಮೂಲೆ ಸರಿಮಾಡುವಷ್ಟರಲ್ಲಿ ಇನ್ನೊಂದು ಮೂಲೆ ಎದ್ದಿರುತ್ತದೆ. ಭಾನುವಾರದ ಕಾಣಿಕೆ ಡಬ್ಬಿಯಿಂದ ಇದು ಸಾಗುವುದಿಲ್ಲ.

ಹಾಗಾಗಿ ಬರೀ ನಿರ್ಬಂಧ ಹಾಕಿ ಅಂತ ನಾನು ಕೇಳುವುದಿಲ್ಲ. ದುಡ್ಡಿನ ದಾರಿಯನ್ನೂ ಜೊತೆಗೆ ತೋರಿಸಬೇಕು. ಅಂಥ ದಾರಿ ನಿಮ್ಮ ನಗರದಲ್ಲಿ ಆಗಲೇ ಇದೆ. ಕಟ್ಟಡದ ಮೇಲೆ ಇನ್ನೂ ಎಷ್ಟು ಕಟ್ಟಬಹುದಿತ್ತೋ ಅಷ್ಟು ಹಕ್ಕನ್ನು, ಅಂದರೆ ಏರ್ ರೈಟ್ಸನ್ನು, ಬೇರೆ ಜಾಗದವರಿಗೆ ಮಾರುವುದು. ತಮ್ಮ ತಲೆಮೇಲಿನ ಆಕಾಶವನ್ನೇ ಮಾರುವುದು ಅನ್ನಿ. 2017ರಲ್ಲಿ ಈಸ್ಟ್ ಮಿಡ್‌ಟೌನ್ ಪ್ರದೇಶದ ನಿಯಮ ಬದಲಾದ ಮೇಲೆ ಅಲ್ಲಿನ ಸಂರಕ್ಷಿತ ಕಟ್ಟಡಗಳಿಗೆ ದೂರದ ಜಾಗಕ್ಕೂ ಹೀಗೆ ಮಾರುವ ಅವಕಾಶ ಸಿಕ್ಕಿತು. ಸೇಂಟ್ ಬಾರ್ಥೊಲೊಮ್ಯೂಸ್ ಚರ್ಚ್ ಅದನ್ನು ಬಳಸಿಕೊಂಡಿತು. ಇದೇ ಚರ್ಚು ಹಿಂದೆ ತನ್ನ ಸಮುದಾಯ ಭವನ ಕೆಡವಿ ಆಫೀಸ್ ಗೋಪುರ ಕಟ್ಟಲು ಹೊರಟು, ನೀವು ತಡೆದಾಗ ಕೋರ್ಟಿಗೆ ಹೋಗಿ, 1990ರಲ್ಲಿ ಮೇಲ್ಮನವಿಯಲ್ಲೂ ಸೋತಿತ್ತು. ಮೂರು ದಶಕ ತಡವಾಗಿಯಾದರೂ ಅದಕ್ಕೆ ದಾರಿ ಸಿಕ್ಕಿತು. 2024ರ ಕೊನೆಯಲ್ಲಿ ಸಿಟಿ ಆಫ್ ಯೆಸ್ ಅನ್ನುವ ಹೊಸ ಕಟ್ಟಡ ನಿಯಮಗಳ ಜೊತೆ ಈ ಅವಕಾಶ ನಗರದ ಬೇರೆ ಭಾಗದ ಸಂರಕ್ಷಿತ ಕಟ್ಟಡಗಳಿಗೂ ಸಡಿಲವಾಗಿದೆ. ನ್ಯೂಯಾರ್ಕ್ ಲ್ಯಾಂಡ್‌ಮಾರ್ಕ್ಸ್ ಕನ್ಸರ್ವೆನ್ಸಿ ಅನ್ನುವ ಖಾಸಗಿ ಸಂಸ್ಥೆಯವರು 1986ರಿಂದ ಪ್ರಾರ್ಥನಾ ಸ್ಥಳಗಳ ದುರಸ್ತಿಗೆ ಅನುದಾನ ಕೊಡುತ್ತಿದ್ದಾರೆ.

ಒಳಾಂಗಣ ಉಳಿಸಲು ಒಪ್ಪುವ ಸಭೆಗೆ ಆಕಾಶ ಮಾರುವ ಅನುಮತಿ ಬೇಗ ಸಿಗುವ ಹಾಗೆ ಯೋಜನಾ ಇಲಾಖೆಯವರ ಜೊತೆ ಕೂತು ಮಾತಾಡಿ. ಒಂದು ಕೈಯಲ್ಲಿ ಬೆಲೆ ಇಳಿಸಿದರೆ ಇನ್ನೊಂದು ಕೈಯಲ್ಲಿ ತುಂಬಿಕೊಡಬೇಕು. ನಿಮ್ಮ 11 ಮಂದಿ ಸದಸ್ಯರಲ್ಲಿ ಕನಿಷ್ಠ ಮೂವರು ಆರ್ಕಿಟೆಕ್ಟ್‌ಗಳು, ಒಬ್ಬರು ಇತಿಹಾಸಕಾರರು, ಒಬ್ಬರು ರಿಯಲ್ ಎಸ್ಟೇಟ್ ಬಲ್ಲವರು ಇರಬೇಕು ಅಂತ ಕಾನೂನೇ ಹೇಳುತ್ತದೆ. ಈ ಲೆಕ್ಕ ಹಾಕಲು ಬೇಕಾದ ತಲೆಗಳೆಲ್ಲ ಒಂದೇ ಮೇಜಿನ ಸುತ್ತ ಇವೆ.

ಹೊರಗಿನ ಎರಡು ಊರುಗಳ ಕಡೆಗೂ ಒಮ್ಮೆ ನೋಡಿ. ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಡೊಮಿನಿಕನ್ ಪಂಥದವರ ಚರ್ಚ್ ಇದೆ, 1294ರಲ್ಲಿ ಪ್ರತಿಷ್ಠಾಪನೆಯಾದದ್ದು. ಫ್ರೆಂಚರು ಬಂದ ಕಾಲಕ್ಕೆ ಪ್ರಾರ್ಥನೆ ನಿಂತುಹೋಗಿ, ಆಮೇಲೆ ಏನೇನೋ ಆಗಿ, ಕೊನೆಗೆ ಸೈಕಲ್ ನಿಲ್ಲಿಸುವ ಜಾಗವೂ ಆಗಿತ್ತು. 2006ರ ಕೊನೆಯಲ್ಲಿ ಅಲ್ಲಿ ಪುಸ್ತಕದಂಗಡಿ ತೆರೆಯಿತು. ಅಂಗಡಿಯವರಿಗೆ ಬೇಕಾಗಿದ್ದ ಜಾಗ ನೆಲದ ಮೇಲೆ ಸಿಗುತ್ತಿರಲಿಲ್ಲ. ನಿಮ್ಮಲ್ಲಾಗಿದ್ದರೆ ಸೀದಾ ಮಹಡಿ ಹಾಕುತ್ತಿದ್ದರು. ಅಲ್ಲಿನ ಆರ್ಕಿಟೆಕ್ಟ್‌ಗಳಾದ ಮೆರ್ಕ್ಸ್ ಪ್ಲಸ್ ಗಿರೋ ಬೇರೆ ಉಪಾಯ ಮಾಡಿದರು. ಕಪ್ಪು ಉಕ್ಕಿನ ಒಂದು ಬೃಹತ್ ಕಪಾಟನ್ನು ಹಜಾರದ ಒಂದೇ ಬದಿಯಲ್ಲಿ ನಿಲ್ಲಿಸಿದರು. ಕಪಾಟಿನೊಳಗೇ ಮೆಟ್ಟಿಲು, ಮೇಲೆ ಓಡಾಡಲು ಜಾಗ. ಕಟ್ಟಡದ ಗೋಡೆಗೆ ಅದು ಅಂಟಿಕೊಂಡಿಲ್ಲ, ತನ್ನ ಕಾಲಮೇಲೆ ನಿಂತಿದೆ. ಇನ್ನೊಂದು ಬದಿಯ ಎತ್ತರ ತೆರೆದೇ ಇದೆ. ಮೇಲೆ ಹತ್ತಿದವರಿಗೆ ಛಾವಣಿಯ ಹಳೆ ಚಿತ್ರಗಳು ಹತ್ತಿರದಿಂದ ಕಾಣುತ್ತವೆ. ನೆಲದಿಂದ ನೋಡಿದವರಿಗೆ ಅದು ಸಾಧ್ಯವಿರಲಿಲ್ಲ. ಅಂಗಡಿ ಬಂದದ್ದರಿಂದ ಚರ್ಚ್ ಚೆನ್ನಾಗಿ ಕಾಣತೊಡಗಿತು! ನಾಳೆ ಪುಸ್ತಕ ಕೊಳ್ಳುವವರೇ ಇಲ್ಲವಾದರೆ ಕಪಾಟನ್ನು ಬಿಚ್ಚಿ ತೆಗೆಯಬಹುದು. 2014ರಲ್ಲಿ ಅಂಗಡಿಯ ಒಡೆತನದ ಸಂಸ್ಥೆ ದಿವಾಳಿಯಾದಾಗ ಊರಿನವರೂ ಓದುಗರೂ ದುಡ್ಡು ಹಾಕಿ ಅದನ್ನು ಉಳಿಸಿಕೊಂಡರು. 60 ಗೂಡುಗಳ ಆರ್ಕೇಡಿಗಾಗಿ ಯಾರಾದರೂ ಹಾಗೆ ದುಡ್ಡು ಹಾಕುತ್ತಿದ್ದರಾ?

ಸಿಂಗಪುರದ ಚೈಮ್ಸ್ ಇನ್ನೊಂದು. ಅದು ಕಾನ್ವೆಂಟ್ ಶಾಲೆ. 1904ರ ಪ್ರಾರ್ಥನಾ ಮಂದಿರವನ್ನು ಫಾದರ್ ಚಾರ್ಲ್ಸ್ ಬೆನೆಡಿಕ್ಟ್ ನೈನ್ ವಿನ್ಯಾಸ ಮಾಡಿದ್ದು. ಶಾಲೆ 1983ರಲ್ಲಿ ಜಾಗ ಬಿಟ್ಟಿತು, 1996ರಲ್ಲಿ ಹೋಟೆಲು, ಅಂಗಡಿಗಳ ಆವರಣವಾಗಿ ತೆರೆಯಿತು. ಅಲ್ಲಿ ಬಾರ್‌ಗಳ ಸದ್ದು ಜಾಸ್ತಿ, ನನಗೆ ಅಷ್ಟು ಇಷ್ಟವಿಲ್ಲ. ಆದರೂ ಒಂದು ಶಿಸ್ತು ಪಾಲಿಸಿದ್ದಾರೆ. ಅಂಗಡಿಗಳು ಸುತ್ತಲಿನ ಕಟ್ಟಡಗಳಲ್ಲಿ. ಪ್ರಾರ್ಥನಾ ಮಂದಿರ ಮಾತ್ರ ಒಂದೇ ಹಜಾರವಾಗಿ ಉಳಿದು ಮದುವೆ, ಕಾರ್ಯಕ್ರಮಗಳಿಗೆ ಬಳಕೆಯಾಗುತ್ತದೆ. ಅದರ ಕಂಬಗಳ ತಲೆಯ ಮೇಲೆ ಉಷ್ಣವಲಯದ ಗಿಡ, ಹಕ್ಕಿಗಳ ಕೆತ್ತನೆ ಇದೆ. ನಿಂತು ನೋಡುವಷ್ಟು ಜಾಗ ಬಿಟ್ಟಿದ್ದಾರೆ.

ಈ ಊರುಗಳವರು ನಿಮಗಿಂತ ಭಕ್ತರು ಅಂತ ನಾನು ಹೇಳುತ್ತಿಲ್ಲ. ಯಾವುದನ್ನು ಬಿಟ್ಟುಕೊಡಬಾರದು ಅಂತ ಅವರು ಮೊದಲೇ ತೀರ್ಮಾನ ಮಾಡಿದರು, ಬಾಡಿಗೆಯ ಮಾತು ಆಮೇಲೆ.

ನಿಮ್ಮಿಂದ ಆಗಬೇಕಾದ ಕೆಲಸ ದೊಡ್ಡದೇನಲ್ಲ. ಹೊಸ ಕಾನೂನು ಬೇಡ. ಸಂರಕ್ಷಿತ ಚರ್ಚು, ಸಿನಗಾಗ್‌ಗಳಲ್ಲಿ ಎಲ್ಲೆಲ್ಲಿ ಪ್ರಾರ್ಥನೆ ನಿಂತಿದೆ, ಎಲ್ಲೆಲ್ಲಿ ನಿಲ್ಲುವ ಹಂತದಲ್ಲಿದೆ ಅಂತ ಒಂದು ಪಟ್ಟಿ ಮಾಡಿ. ಕೊಳ್ಳುವವನು ಬರುವ ಮೊದಲು ನಿಮ್ಮವರು ಒಳಗೆ ಹೋಗಿ ಫೋಟೋ ತೆಗೆದು, ಅಳತೆ ಮಾಡಿ, ಯಾವ ಹಜಾರ ಉಳಿಯಬೇಕು ಅಂತ ಬರೆದಿಡಲಿ. ಎಲ್ಲವನ್ನೂ ಉಳಿಸಬೇಕಿಲ್ಲ. ಕೆಲವು ಚರ್ಚುಗಳ ಒಳಗೆ ಉಳಿಸುವಂಥದ್ದು ಏನೂ ಇರುವುದಿಲ್ಲ, ಅಲ್ಲಿ ಬೇಕಾದರೆ ಮನೆ ಮಾಡಲಿ, ಅಂಗಡಿ ಮಾಡಲಿ. ನೆಲಮಾಳಿಗೆ, ಪಾದ್ರಿಗಳ ಮನೆ, ಪಕ್ಕದ ಶಾಲೆಯ ಕಟ್ಟಡಗಳಲ್ಲಿ ಗೂಡು ಮಾಡಿಕೊಳ್ಳಲಿ. ಹಜಾರದಲ್ಲಿ ಮಾತ್ರ ಏನೇ ಬಂದರೂ ತನ್ನ ಕಾಲಮೇಲೆ ನಿಲ್ಲಬೇಕು, ಬಿಚ್ಚಿದರೆ ಬಿಚ್ಚಿ ಬರಬೇಕು. ಒಂದು ತುದಿಯಿಂದ ಇನ್ನೊಂದು ತುದಿ ಕಾಣಬೇಕು. ಮತ್ತೆ, ಮ್ಯೂಲೆನ್‌ಬರ್ಗ್ ಅವರ ನೆನಪಿಗಾದರೂ, ಏನೂ ಕೊಳ್ಳದವರಿಗೆ ಕೂರಲು ನಾಲ್ಕು ಬೆಂಚು ಇರಬೇಕು. ಇದು ಸಂರಕ್ಷಣೆಯ ವ್ಯಾಪ್ತಿಗೆ ಬರುವುದಿಲ್ಲ ಅಂತ ನಿಮ್ಮ ವಕೀಲರು ಹೇಳಬಹುದು. ಹೇಳಲಿ. ಆಕಾಶ ಮಾರುವ ಒಪ್ಪಂದದಲ್ಲಿ ಅದನ್ನು ಒಂದು ಷರತ್ತಾಗಿ ಸೇರಿಸಲು ಯಾವ ತೊಂದರೆಯೂ ಇಲ್ಲ.

20ನೇ ರಸ್ತೆಯ ಆ ಕಟ್ಟಡದ ಬಾಡಿಗೆದಾರರು ಇನ್ನೂ ಬದಲಾಗುತ್ತಾರೆ. ಇಷ್ಟು ದಿನ ಬದಲಾದ ವೇಗ ನೋಡಿದರೆ ಬೇಗನೇ ಮುಂದಿನ ಅರ್ಜಿ ನಿಮ್ಮ ಮುಂದೆ ಬರಬಹುದು. ಅರ್ಜಿಯ ಜೊತೆ ಎಂದಿನಂತೆ ಹೊರಗೋಡೆಯ ನಕ್ಷೆ ಇರುತ್ತದೆ, ಬೋರ್ಡು ಎಲ್ಲಿ, ದೀಪ ಎಲ್ಲಿ ಅಂತ. ಆ ದಿನ ನೆಲದಿಂದ ಛಾವಣಿಯವರೆಗೆ ಕಟ್ಟಡವನ್ನು ಉದ್ದಕ್ಕೆ ಸೀಳಿ ತೋರಿಸುವ ಸೆಕ್ಷನ್ ಡ್ರಾಯಿಂಗ್ ಒಂದನ್ನು ಕೇಳಿ. ಈಗಿರುವ ಮಹಡಿಗಳಲ್ಲಿ ಯಾವುದನ್ನು ತೆಗೆಯಬಹುದು ಅಂತ ಅದರಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಸಿ. ಬಾಡಿಗೆಯ ಮಾತುಕತೆ ಅದರ ಮೇಲೆ ನಡೆಯಲಿ.

ಇತಿ,
ಹಳೆ ಕಟ್ಟಡಗಳ ಒಳಗೆ ಹೋಗಿ ತಲೆ ಎತ್ತಿ ನೋಡುವ ಹುಚ್ಚಿರುವ ಒಬ್ಬ ಕನ್ನಡಿಗ